ಮಲೆನಾಡಿನ ಜೀಪೂ ಅದರ ಕ್ಲಚ್ಚೂ

ಹಾಸನದಿಂದ ಪಶ್ಚಿಮಕ್ಕೆ ಹೊರಟವರಿಗೆ ಆಲೂರು ಸೀಮೆಯಲ್ಲಿ ನೆಲವು ಮೆಲ್ಲಮೆಲ್ಲನೆ ಏಳುತ್ತ ಬೀಳುತ್ತ ಸಾಗುವುದು ಕಾಣುತ್ತದೆ. ಪಾಳ್ಯ, ಬಾಳ್ಳುಪೇಟೆಗಳನ್ನು ಕಳೆದು, ಸಕಲೇಶಪುರದಲ್ಲಿ ಹೇಮಾವತಿಯನ್ನು ದಾಟಿದ ಮೇಲೆ ಆ ಮೆಲ್ಲನೆಯ ಮಾತು ಮುಗಿಯಿತು. ಅಲ್ಲಿಂದಾಚೆಗೆ ಹೆದ್ದಾರಿಯನ್ನು ಬಿಟ್ಟು ಹಾನುಬಾಳಿನ ಕಡೆಗೋ, ಹೆತ್ತೂರು ವಣಗೂರುಗಳ ಕಡೆಗೋ ತಿರುಗಿದರೆ, ರಸ್ತೆಯೆಂಬುದು ಒಂದು ಕಡೆ ಗುಡ್ಡ, ಒಂದು ಕಡೆ ಕಣಿವೆ, ನಡುವೆ ಕೆಸರು ಎಂಬ ಸ್ಥಿತಿಗೆ ಬರುತ್ತದೆ. ತೋಟದ ಒಳದಾರಿಗಳ ಸಂಗತಿಯನ್ನಂತೂ ಕೇಳುವುದೇ ಬೇಡ.

ಈ ಬೆಟ್ಟಗಳ ಇತಿಹಾಸವೆಂದರೆ ಸಾಮಾನ್ಯವಾಗಿ ಮಂಜರಾಬಾದಿನ ಕೋಟೆಯಿಂದ ಆರಂಭವಾಗುವುದು ವಾಡಿಕೆ. ದೋಣಿಗಾಲಿನ ಬಳಿ ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರಾಕಾರದ ಆ ಕೋಟೆಯನ್ನು ನೋಡದೆ ಹೋಗುವ ಪ್ರವಾಸಿ ಕಡಿಮೆ. ಸಕಲೇಶಪುರ ತಾಲ್ಲೂಕಿಗೇ ಬಹುಕಾಲ ಮಂಜರಾಬಾದು ಎಂಬ ಹೆಸರಿತ್ತು. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಕೋಟೆಯ ಕಥೆಯಲ್ಲ. ಸುಮಾರು ಎಂಟೂವರೆ ಇಂಚು ಅಗಲದ ಒಂದು ಉಕ್ಕಿನ ತಟ್ಟೆಯ ಕಥೆ. ಇದೇ ಬೆಟ್ಟಗಳಲ್ಲಿ ಮುಕ್ಕಾಲು ಶತಮಾನಕ್ಕೂ ಮಿಕ್ಕಿ ಕಾಫಿ ಮೂಟೆಯಿಂದ ಹಿಡಿದು ಹೆರಿಗೆ ಬೇನೆಯ ಹೆಂಗಸಿನವರೆಗೆ ಎಲ್ಲರನ್ನೂ ಎಲ್ಲವನ್ನೂ ಮೇಲಕ್ಕೆ ಕೆಳಕ್ಕೆ ಸಾಗಿಸಿದ ಜೀಪಿನ ಹೊಟ್ಟೆಯಲ್ಲಿ ಕುಳಿತು, ಎಲ್ಲಕ್ಕಿಂತ ಮೊದಲು ಸವೆಯತಕ್ಕ ವಸ್ತು ಅದು. ಅದಕ್ಕೆ ಕ್ಲಚ್ ಪ್ಲೇಟು ಎಂದು ಹೆಸರು.

ಜೀಪು ಬರುವುದಕ್ಕೆ ಮುಂಚೆ ಇಲ್ಲಿ ಏನಿತ್ತೆಂಬುದನ್ನು ಒಂದು ಮಾತಿನಲ್ಲಿ ಹೇಳಿಬಿಡಬಹುದು: ಕಾಲು, ಕುದುರೆ, ಎತ್ತಿನ ಗಾಡಿ. ದಕ್ಷಿಣ ಮಂಜರಾಬಾದಿನಲ್ಲಿ ಗ್ರೀನ್ ಎಂಬ ಇಂಗ್ಲಿಷನು 1843ರಲ್ಲಿ ಕಾಫಿ ತೋಟ ಹಾಕಿದನು. 1856ರಲ್ಲಿ ಬಂದು ನೆಲೆಸಿದ ರಾಬರ್ಟ್ ಎಲಿಯಟ್ ಎಂಬಾತನು ಮುಂದೆ ತನ್ನ ತೋಟದ ಬದುಕನ್ನು ಕುರಿತು ಪುಸ್ತಕಗಳನ್ನೇ ಬರೆದನು. ಇವರ ಕಾಲದಲ್ಲಿ ದೊರೆ ಕುದುರೆಯ ಮೇಲೆ, ಕಾಫಿ ಗಾಡಿಯ ಮೇಲೆ. ಘಟ್ಟ ಇಳಿಯುವ ಗಾಡಿಯ ಹಿಂದೆ ಮರದ ದಿಮ್ಮಿಯನ್ನು ಕಟ್ಟಿ ಎಳೆಸಿಕೊಂಡು ಹೋದರೆ ಅದೇ ತಡೆ. ಉಜ್ಜಾಟದಿಂದ ವೇಗವನ್ನು ಹತೋಟಿಯಲ್ಲಿಡುವ ಈ ಉಪಾಯಕ್ಕೂ ನಮ್ಮ ತಟ್ಟೆಗೂ ಸಂಬಂಧವಿದೆ. ಇಂಗ್ಲೆಂಡಿನ ಡರ್ಬಿಷೈರ್ ಗುಡ್ಡಗಳಲ್ಲಿ ರೈತರು ಗಾಡಿಯ ತಡೆಗಟ್ಟಿಗೆ ಹಳೆಯ ಬೂಟುಗಳನ್ನು ಮೊಳೆ ಹೊಡೆದು ಕೂರಿಸುತ್ತಿದ್ದುದನ್ನು ಹರ್ಬರ್ಟ್ ಫ್ರೂಡ್ ಎಂಬಾತನು ಕಂಡು, ಅದಕ್ಕಿಂತ ಗಟ್ಟಿಯಾದ ಪದಾರ್ಥವನ್ನು ಮಾಡಬೇಕೆಂದು 1897ರಲ್ಲಿ ಹೊರಟನಂತೆ. ಅವನ ಫೆರೋಡೋ ಕಂಪನಿಯ ಲೈನಿಂಗು ಮುಂದೆ ಲೋಕವನ್ನೆಲ್ಲ ಸುತ್ತಿತು. ಘಟ್ಟದ ಗಾಡಿಯ ಸಂಕಟ ಎಲ್ಲ ಕಡೆಯೂ ಒಂದೇ.

ಇನ್ನು ಜೀಪಿನ ಜನನ. 1940ರ ಜುಲೈನಲ್ಲಿ ಅಮೆರಿಕದ ಸೈನ್ಯವು 135 ಕಾರ್ಖಾನೆಗಳಿಗೆ ಪತ್ರ ಬರೆದು, ನಾಲ್ಕು ಚಕ್ರವೂ ಎಳೆಯುವ ಹಗುರವಾದ ಗಾಡಿಯೊಂದನ್ನು 49 ದಿನದೊಳಗೆ ಮಾಡಿ ತೋರಿಸಬೇಕೆಂದು ಕೇಳಿತು. ಬಂಟಾಮ್ ಎಂಬ ಪುಟ್ಟ ಕಂಪನಿ ಸೆಪ್ಟೆಂಬರ್ 23ರಂದು ಗಡುವು ಮುಗಿಯುವುದಕ್ಕೆ ಅರ್ಧ ಗಂಟೆ ಮುಂಚೆ ಗಾಡಿಯನ್ನು ತಂದು ನಿಲ್ಲಿಸಿತು. ಪಾಪ, ಹೆತ್ತವಳೊಬ್ಬಳು ಸಾಕಿದವಳೊಬ್ಬಳು ಎಂಬಂತೆ, ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಆರ್ಡರು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ ಹೋಯಿತು. ಯುದ್ಧ ಮುಗಿಯುವ ಹೊತ್ತಿಗೆ ಇಬ್ಬರೂ ಸೇರಿ ಆರು ಲಕ್ಷಕ್ಕೂ ಮೇಲ್ಪಟ್ಟು ಜೀಪುಗಳನ್ನು ಮಾಡಿದ್ದರು. ಹೆಸರಿನ ಮೂಲದ ಬಗ್ಗೆ ಬಲ್ಲವರಲ್ಲಿ ಒಮ್ಮತವಿಲ್ಲ. ಅದನ್ನು ಅವರಿಗೇ ಬಿಡೋಣ.

ನಮಗೆ ಬೇಕಾದ ಲೆಕ್ಕ ಬೇರೆ. ಯುದ್ಧದ ಜೀಪಿನ ಎಂಜಿನ್ನು ನಾಲ್ಕು ಸಿಲಿಂಡರಿನದು, 134 ಘನ ಇಂಚು, 60 ಕುದುರೆಯ ಬಲ. ಗಾಡಿಯ ತೂಕ ಸುಮಾರು 1,100 ಕಿಲೋ. ಸೈನ್ಯದ ಲೆಕ್ಕದಲ್ಲಿ ಅದು ಕಾಲು ಟನ್ ಹೊರುವ ಗಾಡಿ. ಕ್ಲಚ್ ಪ್ಲೇಟಿನ ಅಡ್ಡಳತೆ ಎಂಟು ಇಂಚಿಗೂ ಒಂದು ಚೂರು ಕಡಿಮೆ. ನಾಲ್ಕು ಜನ ಸಿಪಾಯಿಗಳನ್ನು ಹೊತ್ತು ಓಡಾಡಲು ಅಷ್ಟು ಸಾಕೆಂದು ಅದನ್ನು ರೂಪಿಸಿದವರು ಎಣಿಸಿದ್ದರು. ಹನ್ನೆರಡು ಜನ ಆಳುಗಳು, ಅವರ ಮಕ್ಕಳು, ಎರಡು ಮೂಟೆ ಅಕ್ಕಿ, ಒಂದು ಗೊಬ್ಬರದ ಚೀಲ, ಹಿಂದೆ ನೇತುಬಿದ್ದ ಇಬ್ಬರು, ಇಷ್ಟನ್ನು ಹೇರಿಕೊಂಡು ಆಷಾಢದ ಮಳೆಯಲ್ಲಿ ಶುಕ್ರವಾರಸಂತೆಯಿಂದ ಹಿಂದಿರುಗುವ ದೃಶ್ಯವು ಅವರ ಕನಸಿನಲ್ಲಿಯೂ ಬಂದಿರಲಾರದು.

ಯುದ್ಧ ಮುಗಿದ ಮೇಲೆ ಬರ್ಮಾ ರಂಗಕ್ಕೆಂದು ಇಂಡಿಯಾಕ್ಕೆ ತಂದಿದ್ದ ಅಮೆರಿಕದ ಸಾಮಾನು ರಾಶಿರಾಶಿಯಾಗಿ ಉಳಿಯಿತು. ಅದನ್ನು ಹರಾಜಿನಲ್ಲಿ ಮಾರಿದರು. ಹೀಗೆ ಬಂದವಕ್ಕೆ ಡಿಸ್ಪೋಸಲ್ ಜೀಪುಗಳೆಂದು ಹೆಸರಾಯಿತು. ಸ್ಟಿಯರಿಂಗು ಎಡಕ್ಕೆ, ಸ್ಟಾರ್ಟರು ಕಾಲಿನ ಅಡಿಗೆ, ಬಾಗಿಲೆಂಬುದೇ ಇಲ್ಲ. ಹಳೆಯ ಜೀಪು ಕೊಳ್ಳುವುದರ ಅಪಾಯವನ್ನು ದೇಶವೇ ಒಮ್ಮೆ ಅನುಭವಿಸಿತು: ಲಂಡನ್ನಿನ ನಮ್ಮ ಹೈಕಮಿಷನರು 1948ರಲ್ಲಿ ಸೈನ್ಯಕ್ಕಾಗಿ ಮಾಡಿಕೊಂಡ 80 ಲಕ್ಷ ರೂಪಾಯಿಗಳ ಕರಾರಿನಲ್ಲಿ ಬಂದ 155 ಜೀಪುಗಳು ಉಪಯೋಗಕ್ಕೆ ಬಾರದವೆಂದು ತಿರಸ್ಕೃತವಾಗಿ, ಆ ಗದ್ದಲ ಪಾರ್ಲಿಮೆಂಟಿನಲ್ಲಿ 1955ರವರೆಗೂ ನಡೆಯಿತು.

ಅಷ್ಟರಲ್ಲಿ ಹೊಸ ಜೀಪಿನ ದಾರಿಯೂ ತೆರೆದಿತ್ತು. 1945ರ ಅಕ್ಟೋಬರಿನಲ್ಲಿ ಮಹೀಂದ್ರ ಅಂಡ್ ಮಹಮದ್ ಎಂಬ ಹೆಸರಿನಲ್ಲಿ ಹುಟ್ಟಿದ ಮುಂಬಯಿಯ ಕಂಪನಿ, ಪಾಲುದಾರ ಗುಲಾಮ್ ಮಹಮದರು ಪಾಕಿಸ್ತಾನದ ಮೊದಲ ಹಣಕಾಸಿನ ಮಂತ್ರಿಯಾಗಿ ಹೋದ ಬಳಿಕ, 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ವಿಲ್ಲಿಸ್ ಜೀಪುಗಳನ್ನು ಬಿಡಿಭಾಗಗಳಾಗಿ ತರಿಸಿ ಮಜಗಾಂವಿನಲ್ಲಿ ಜೋಡಿಸುವುದಕ್ಕೆ ಮೊದಲಿಟ್ಟಿತು. ಆಮೇಲೆ ಇಲ್ಲೇ ತಯಾರಿಸಿತು. ಹಳಬರು ನೆನೆಯುವ ಎತ್ತರದ ಬಾನೆಟ್ಟಿನ ಜೀಪು ಈ ಬಗೆಯದು. ಎತ್ತರ ಶೋಕಿಗಾಗಿ ಬಂದದ್ದಲ್ಲ. 1953ರಲ್ಲಿ ವಿಲ್ಲಿಸ್‌ನವರು ಹಾಕಿದ ಹೊಸ ಎಂಜಿನ್ನಿನ ತಲೆ ಎತ್ತರವಾಗಿತ್ತು, ಬಾನೆಟ್ಟನ್ನು ಏರಿಸದೆ ಗತಿಯಿರಲಿಲ್ಲ. ಅಮೆರಿಕದಲ್ಲಿ ಆ ಮಾದರಿ 1968ಕ್ಕೆ ನಿಂತರೂ ನಮ್ಮಲ್ಲಿ ಅದರ ಸಂತತಿ ಬಹಳ ಕಾಲ ಮುಂದುವರಿಯಿತು.

1952ರ ಅಕ್ಟೋಬರ್ 2ರಂದು ಸಮುದಾಯಾಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಜೀಪು ಸರ್ಕಾರದ ಗುರುತಾಯಿತು. ಬ್ಲಾಕ್ ಅಧಿಕಾರಿಯ ಜೀಪು ಊರಿಗೆ ಬಂದರೆ ಮಕ್ಕಳೆಲ್ಲ ಹಿಂದೆ ಓಡುತ್ತಿದ್ದ ಕಾಲ ಅದು. ಅಧಿಕಾರಿಯ ಜೀಪು ಊರ ಬಾಗಿಲಿಗೆ ನಿಲ್ಲುತ್ತಿತ್ತು. ತೋಟದ ಜೀಪು ಊರನ್ನು ದಾಟಿ ಗುಡ್ಡ ಹತ್ತಬೇಕಾಗಿತ್ತು. ಇಲ್ಲಿಂದ ನಮ್ಮ ತಟ್ಟೆಯ ಕಷ್ಟಕಾಲ ತೊಡಗಿತು.

ಕ್ಲಚ್ಚೆಂದರೇನು ಎಂಬುದನ್ನು ಮೋಟಾರು ಶಾಸ್ತ್ರ ಓದದವರಿಗೂ ಹೇಳಬಹುದು. ಎಂಜಿನ್ನು ಸದಾ ತಿರುಗುತ್ತಿರುವ ವಸ್ತು. ಚಕ್ರ ಒಮ್ಮೆ ನಿಲ್ಲಬೇಕು, ಒಮ್ಮೆ ತಿರುಗಬೇಕು. ಇವೆರಡರ ನಡುವೆ ಬೇಕೆಂದಾಗ ಕೂಡಿಸುವ, ಬೇಡವೆಂದಾಗ ಬಿಡಿಸುವ ಏರ್ಪಾಟು ಬೇಕು. ಎರಡು ಅಂಗೈಗಳ ನಡುವೆ ಒಂದು ಅಕ್ಕಿರೊಟ್ಟಿಯನ್ನು ಒತ್ತಿ ಹಿಡಿದಿದ್ದೀರೆಂದು ಭಾವಿಸಿ. ಅಂಗೈಗಳು ತಿರುಗಿದರೆ ರೊಟ್ಟಿಯೂ ತಿರುಗುತ್ತದೆ. ಸಡಿಲ ಬಿಟ್ಟರೆ ರೊಟ್ಟಿ ನಿಲ್ಲುತ್ತದೆ. ಎಂಜಿನ್ನಿನ ಹಿಂಬದಿಯ ಫ್ಲೈವೀಲು ಒಂದು ಅಂಗೈ. ಬಲವಾದ ಸ್ಪ್ರಿಂಗುಗಳ ಪ್ರೆಷರ್ ಪ್ಲೇಟು ಇನ್ನೊಂದು ಅಂಗೈ. ನಡುವಿನ ರೊಟ್ಟಿಯೇ ಕ್ಲಚ್ ಪ್ಲೇಟು. ಅದರ ಎರಡೂ ಮೈಗೆ ಲೈನಿಂಗನ್ನು ರಿವೆಟ್ಟು ಹಾಕಿ ಕೂರಿಸಿರುತ್ತಾರೆ. ಪ್ಲೇಟಿನ ಮಧ್ಯದ ಹಲ್ಲಿನ ತೂತಿನಲ್ಲಿ ಗೇರ್ ಬಾಕ್ಸಿನ ಷಾಫ್ಟು ತೂರಿಕೊಂಡಿರುತ್ತದೆ. ಕಾಲಿನಿಂದ ಪೆಡಲನ್ನು ಒತ್ತಿದಾಗ ರಿಲೀಸ್ ಬೇರಿಂಗು ಮುಂದೆ ಸರಿದು ಪ್ರೆಷರ್ ಪ್ಲೇಟಿನ ಮೂರು ಫಿಂಗರುಗಳನ್ನು ಅದುಮುತ್ತದೆ, ಅಂಗೈ ಹಿಂದೆ ಸರಿಯುತ್ತದೆ, ರೊಟ್ಟಿ ಬಿಡುಗಡೆಯಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಬೇರಿಂಗಿಗೂ ಫಿಂಗರುಗಳಿಗೂ ನಡುವೆ ಕೂದಲೆಳೆಗಿಂತ ಹೆಚ್ಚಾದ ಒಂದು ಸಂದು ಇರಲೇಬೇಕು. ಪೆಡಲಿನಲ್ಲಿ ಅದು ಸುಮಾರು ಮುಕ್ಕಾಲರಿಂದ ಒಂದು ಇಂಚಿನ ಸಡಿಲವಾಗಿ ಕಾಲಿಗೆ ತಿಳಿಯುತ್ತದೆ. ಇದನ್ನೇ ಫ್ರೀ ಪ್ಲೇ ಎನ್ನುವುದು. ಪ್ಲೇಟು ಸವೆದಂತೆ ಈ ಸಡಿಲ ಹೆಚ್ಚುತ್ತದೆಂದು ಬಹಳ ಜನ ತಿಳಿದಿದ್ದಾರೆ. ಆಗುವುದು ವಿಪರೀತ. ಲೈನಿಂಗು ತೆಳ್ಳಗಾದಷ್ಟೂ ಪ್ರೆಷರ್ ಪ್ಲೇಟು ಮುಂದಕ್ಕೆ ಹೋಗುತ್ತದೆ, ಫಿಂಗರುಗಳ ತುದಿ ಹಿಂದಕ್ಕೆ ಬೇರಿಂಗಿನತ್ತ ಬರುತ್ತದೆ, ಸಡಿಲ ಕಡಿಮೆಯಾಗುತ್ತದೆ. ಅದು ಸೊನ್ನೆಯಾದ ದಿನ, ನೀವು ಕಾಲಿಡದಿದ್ದರೂ ಯಾರೋ ಸದಾ ಪೆಡಲನ್ನು ಒತ್ತಿ ಹಿಡಿದಂತೆಯೇ. ಆಗ ಪ್ಲೇಟು ಜಾರುತ್ತದೆ, ಜಾರಿ ಕಾಯುತ್ತದೆ, ಕಾದು ಇನ್ನಷ್ಟು ಸವೆಯುತ್ತದೆ. ಲಿಂಕಿನ ನಟ್ಟನ್ನು ಎರಡು ಸುತ್ತು ತಿರುಗಿಸಿದ್ದರೆ ಉಳಿಯುತ್ತಿದ್ದ ಪ್ಲೇಟು ಒಂದು ವಾರದಲ್ಲಿ ಸುಟ್ಟು ಕರಿಯಾಗುತ್ತದೆ.

ಒಮ್ಮೆ ಹೆತ್ತೂರಿನ ಕಡೆಯಿಂದ ಇಳಿದು ಬರುವಾಗ ನಮ್ಮ ಗಾಡಿ ಏರಿನಲ್ಲೆಲ್ಲ ಎಂಜಿನ್ನು ಅರಚಿಕೊಂಡು, ಚಕ್ರ ಮಾತ್ರ ಮನಸ್ಸಿಲ್ಲದೆ ತಿರುಗುತ್ತ, ಸುಟ್ಟ ವಾಸನೆ ಹರಡುತ್ತ ಸಕಲೇಶಪುರವನ್ನು ಹೇಗೋ ಸೇರಿತು. ಹಿರಿಯ ಮೇಸ್ತ್ರಿಯೊಬ್ಬರು ಎಂಜಿನ್ನಿಗೆ ಕೈಯನ್ನೂ ಹಚ್ಚದೆ, ಡ್ರೈವರ ಜಾಗದಲ್ಲಿ ಕೂತು ಪೆಡಲನ್ನು ಬೆರಳಿನಿಂದ ಒತ್ತಿ ನೋಡಿದರು. ಜತೆಗಿದ್ದ ತೋಟದ ಯಜಮಾನರ ಕಡೆ ತಿರುಗಿ, “ಗೌಡ್ರೇ, ಇದು ಪ್ಲೇಟಿನ ತಪ್ಪಲ್ಲ, ಕಾಲಿನ ತಪ್ಪು. ನಿಮ್ಮ ಹುಡುಗ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ನಿದ್ದೆ ಮಾಡ್ತಾನೆ,” ಎಂದರು. ಹುಡುಗ ನೆಲ ನೋಡಿದ. ಮಾತು ನಿಜವಾಗಿತ್ತು.

ಆ ಮೇಸ್ತ್ರಿ ಬಳಸಿದ ಪರೀಕ್ಷೆಗಳು ಯಾವ ಉಪಕರಣವನ್ನೂ ಬೇಡವು. ಜಾರುವ ಕ್ಲಚ್ಚನ್ನು ಹಿಡಿಯಲು ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕನ್ನು ಬಲವಾಗಿ ಎಳೆದು, ಟಾಪ್ ಗೇರಿಗೆ ಹಾಕಿ, ಸ್ವಲ್ಪ ಎಣ್ಣೆ ಕೊಡುತ್ತ ಕ್ಲಚ್ಚನ್ನು ಬಿಡಬೇಕು. ಎಂಜಿನ್ನು ಗಕ್ಕನೆ ನಿಂತರೆ ಕ್ಲಚ್ಚು ಹಿಡಿಯುತ್ತಿದೆ. ಏನೂ ಆಗದವರಂತೆ ಓಡುತ್ತಲೇ ಇದ್ದರೆ ಜಾರುತ್ತಿದೆ. ಒಮ್ಮೆ ಮಾಡಿ ನೋಡಿ ಸಾಕುಮಾಡಬೇಕು. ಪರೀಕ್ಷೆಯ ಹೆಸರಿನಲ್ಲಿ ಪ್ಲೇಟನ್ನು ಸುಡಬಾರದು. ಮೊದಲು ಫ್ರೀ ಪ್ಲೇ ನೋಡುವುದು. ಅದು ಸರಿಯಿದ್ದೂ ಜಾರಿದರೆ ಸವೆತವೋ, ಸ್ಪ್ರಿಂಗಿನ ನಿತ್ರಾಣವೋ, ಇಲ್ಲವೆ ಎಣ್ಣೆಯೋ ಕಾರಣ.

ಎಣ್ಣೆಯ ಕಾರಣ ನಮ್ಮ ಗುಡ್ಡಗಾಡಿನಲ್ಲಿ ಅಧಿಕ. ಏರು ಹತ್ತುವಾಗ ಗಾಡಿಯ ಮೂತಿ ಮೇಲಾಗಿ ಎಂಜಿನ್ನಿನ ಎಣ್ಣೆಯೆಲ್ಲ ಹಿಂಭಾಗಕ್ಕೆ ಸೇರುತ್ತದೆ. ಹಳೆಯ ಜೀಪಿನಲ್ಲಿ ಅಲ್ಲಿ ತಡೆಯಾಗಿ ಇರುವುದು ಹಗ್ಗದಂತಹ ಒಂದು ಪ್ಯಾಕಿಂಗು. ಅದು ಸವೆದಿದ್ದರೆ ಎಣ್ಣೆ ಫ್ಲೈವೀಲಿನ ಕೋಣೆಗೆ ಇಳಿದು ಪ್ಲೇಟಿಗೆ ಹತ್ತುತ್ತದೆ. ಆ ಕೋಣೆಯ ಕೆಳಗೆ ಒಂದು ಸಣ್ಣ ತೂತಿದೆ. ಅದರಿಂದ ತೊಟ್ಟಿಕ್ಕುವುದನ್ನು ಬೆರಳಿಗೆ ಹಚ್ಚಿ ಮೂಸಿ ನೋಡಿದರೆ ರೋಗದ ಮೂಲ ತಿಳಿಯುತ್ತದೆ: ತೆಳ್ಳಗೆ ಕಪ್ಪಗಿದ್ದರೆ ಎಂಜಿನ್ನಿನದು, ಮಂದವಾಗಿ ಗಂಧಕದ ಕಮಟು ಹೊಡೆದರೆ ಗೇರ್ ಬಾಕ್ಸಿನದು. ಮೂಲವನ್ನು ಸರಿಪಡಿಸದೆ ಹೊಸ ಪ್ಲೇಟು ಹಾಕುವುದು ಸೋರುವ ಮಾಡಿನ ಕೆಳಗೆ ಹೊಸ ಚಾಪೆ ಹಾಸಿದಂತೆ. ಚರ್ಮದ ಕ್ಲಚ್ಚುಗಳ ಕಾಲದಲ್ಲಿ ಜಾರಿದರೆ ಜೇಡಿಯ ಪುಡಿ ಎರಚುತ್ತಿದ್ದರಂತೆ. ಆ ಪರಂಪರೆಯಲ್ಲಿ ತೂತಿನ ಮೂಲಕ ದಾರಿಯ ಧೂಳನ್ನೇ ಊದಿ ಮನೆ ಸೇರಿದವರ ಕಥೆಗಳನ್ನು ಕೇಳಿದ್ದೇನೆ. ಮನೆ ಸೇರಿರಬಹುದು; ಅದು ರಿಪೇರಿಯಲ್ಲ.

ಎರಡನೆಯ ರೋಗ ಇದಕ್ಕೆ ತಿರುಗುಮುರುಗು: ಬಿಡಬೇಕಾದ ಪ್ಲೇಟು ಬಿಡದೆ ಇರುವುದು. ಹಳೆಯ ಜೀಪಿನಲ್ಲಿ ಫಸ್ಟ್ ಗೇರಿಗೂ ರಿವರ್ಸಿಗೂ ಹಲ್ಲುಗಳನ್ನು ಹೊಂದಿಸಿಕೊಡುವ ಸಿಂಕ್ರೋ ಏರ್ಪಾಟು ಇಲ್ಲವಾದ್ದರಿಂದ ತುಸು ಗರಗರ ಸಹಜ. ಆದರೆ ಪೆಡಲನ್ನು ಪೂರ್ತಿ ಒತ್ತಿ ಹತ್ತು ಎಣಿಸಿದ ಮೇಲೂ ರಿವರ್ಸಿಗೆ ಹಾಕುವಾಗ ಗೇರು ಕಿರುಚಿದರೆ ಪ್ಲೇಟು ಎಳೆಯುತ್ತಿದೆಯೆಂದು ಅರ್ಥ. ಕಾರಣ ಫ್ರೀ ಪ್ಲೇ ಅತಿಯಾದದ್ದಿರಬಹುದು, ಪ್ಲೇಟು ಸೊಟ್ಟಗಾದದ್ದಿರಬಹುದು, ಷಾಫ್ಟಿನ ಮೂತಿ ಕೂರುವ ಪೈಲಟ್ ಬುಷ್ ಒಣಗಿ ಕಚ್ಚಿಕೊಂಡದ್ದಿರಬಹುದು.

ಇದೇ ಜಾತಿಯ ಇನ್ನೊಂದು ರೋಗ ಅಚ್ಚ ಮಲೆನಾಡಿನದು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಹಿಡಿದಾಗ ಕೊಟ್ಟಿಗೆಯಲ್ಲಿ ನಿಲ್ಲಿಸಿಬಿಟ್ಟ ಜೀಪು, ದಸರಾ ಹೊತ್ತಿಗೆ ಹೊರತೆಗೆಯಹೋದರೆ, ಪೆಡಲು ಒತ್ತಿದರೂ ಗೇರು ಬೀಳುವುದಿಲ್ಲ. ತೇವಕ್ಕೆ ಫ್ಲೈವೀಲು ತುಕ್ಕು ಹಿಡಿದು ಪ್ಲೇಟು ಅದಕ್ಕೆ ಅಂಟಿಕೊಂಡಿರುತ್ತದೆ. ಗಾಬರಿಯಿಂದ ಗೇರ್ ಬಾಕ್ಸನ್ನು ಇಳಿಸುವ ಅಗತ್ಯವಿಲ್ಲ. ಎಂಜಿನ್ನನ್ನು ಚೆನ್ನಾಗಿ ಕಾಯಿಸಿ ಆರಿಸಿ, ಮುಂದೆ ಬಯಲಿರುವ ಕಡೆ ಗೇರಿನಲ್ಲೇ ಸ್ಟಾರ್ಟು ಮಾಡಿ, ಪೆಡಲನ್ನು ಒತ್ತಿ ಹಿಡಿದು ಎಣ್ಣೆಯನ್ನು ಕೊಟ್ಟು ಬಿಟ್ಟು ಮಾಡಿದರೆ ಬಹಳ ಸಲ ಟಪ್ಪನೆ ಬಿಡುತ್ತದೆ. ಬಲ್ಲವರು ಮಳೆಗಾಲಕ್ಕೆ ಗಾಡಿ ನಿಲ್ಲಿಸುವಾಗಲೇ ಪೆಡಲಿಗೂ ಸೀಟಿಗೂ ನಡುವೆ ಒಂದು ಕೋಲು ಕೊಟ್ಟು ಒತ್ತಿಟ್ಟಿರುತ್ತಾರೆ. ಬಿಸಿಲೆಯ ಕಡೆ ಮಳೆ ಆಲೂರಿಗಿಂತ ಎಷ್ಟೋ ಪಾಲು ಹೆಚ್ಚು. ಒಂದೇ ವರ್ಷದ ಎರಡು ಗಾಡಿಗಳಲ್ಲಿ ಮಗ್ಗೆಯ ಕಡೆಯದು ಚೆನ್ನಾಗಿದ್ದು ಘಟ್ಟದಂಚಿನದು ತುಕ್ಕು ಹಿಡಿದಿದ್ದರೆ ಆಶ್ಚರ್ಯವಿಲ್ಲ.

ಬಿಡುವಾಗ ಗಾಡಿಯೆಲ್ಲ ಗಡಗಡ ನಡುಗುವುದು ಮೂರನೆಯದು. ಲೈನಿಂಗಿಗೆ ಹತ್ತಿದ ಎಣ್ಣೆ, ಎಂಜಿನ್ನಿನ ಕೆಳಗಿನ ರಬ್ಬರು ಕೂರುಗಳ ಸಡಿಲ, ಇವು ಕಾರಣ. ಜೀಪಿನಲ್ಲಿ ಎಂಜಿನ್ನು ಹಿಂದುಮುಂದಾಗದಂತೆ ಷಾಸಿಗೆ ಬಿಗಿದ ಒಂದು ಸಣ್ಣ ತಂತಿಹಗ್ಗವಿರುತ್ತದೆ. ಯಾವುದೋ ರಿಪೇರಿಯಲ್ಲಿ ಅದನ್ನು ಬಿಚ್ಚಿ ಮತ್ತೆ ಹಾಕದೆ ಬಿಟ್ಟ ಗಾಡಿಗಳು ಹೇರಳ.

ಶಬ್ದದ ಭಾಷೆಯೂ ಉಂಟು. ಪೆಡಲಿನ ಮೇಲೆ ಹಗುರವಾಗಿ ಕಾಲಿಟ್ಟೊಡನೆ ಚಿಂವ್‌ಗುಟ್ಟಿದರೆ ರಿಲೀಸ್ ಬೇರಿಂಗು ಹೋಗಿದೆ. ಪೂರ್ತಿ ಒತ್ತಿ ಗೇರಿನಲ್ಲಿ ನಿಂತಾಗ ಕೂಗಿದರೆ ಪೈಲಟ್ ಬುಷ್. ಕಾಲು ತೆಗೆದಾಗ ಗುಂಯ್‌ಗುಟ್ಟಿ, ಒತ್ತಿದರೆ ಅಡಗುವ ಸದ್ದು ಕ್ಲಚ್ಚಿನದಲ್ಲ, ಗೇರ್ ಬಾಕ್ಸಿನ ಮುಂದಿನ ಬೇರಿಂಗಿನದು. ಇಷ್ಟನ್ನು ಕಿವಿಯಿಂದ ಬೇರ್ಪಡಿಸಬಲ್ಲವನು ಸುಮ್ಮಸುಮ್ಮನೆ ಗೇರ್ ಬಾಕ್ಸು ಇಳಿಸುವುದಿಲ್ಲ.

ಇಳಿಸಲೇಬೇಕಾದಾಗ ಅದೊಂದು ದಿನದ ಕೆಲಸ. ಪಟ್ಟಣದ ವರ್ಕ್‌ಷಾಪಿನ ಲಿಫ್ಟು ತೋಟದಲ್ಲೆಲ್ಲಿ? ಡ್ರೈವರ ಕಾಲಡಿಯ ತಗಡನ್ನು ಬಿಚ್ಚಿ, ಗೇರಿನ ಕೋಲುಗಳನ್ನು ತೆಗೆದು, ಹಿಂದಿನ ಮುಂದಿನ ಪ್ರೊಪೆಲರ್ ಷಾಫ್ಟುಗಳನ್ನೂ ಕೇಬಲುಗಳನ್ನೂ ಕಳಚಿ, ಎಂಜಿನ್ನಿನ ಹಿಂಭಾಗಕ್ಕೆ ಮರದ ತುಂಡಿಟ್ಟು ಜಾಕಿ ಕೊಟ್ಟು, ಅಡ್ಡಪಟ್ಟಿಯನ್ನು ಇಳಿಸಿ, ಗೇರ್ ಬಾಕ್ಸನ್ನೂ ಅದಕ್ಕಂಟಿದ ಟ್ರಾನ್ಸ್‌ಫರ್ ಕೇಸನ್ನೂ ಒಟ್ಟಾಗಿ ಹಿಂದಕ್ಕೆಳೆಯಬೇಕು. ಗಾಡಿಯ ಮೇಲೆ ಅಡ್ಡಲಾಗಿ ಬೊಂಬು ಹಾಕಿ ಹಗ್ಗದಿಂದ ಅದರ ಭಾರವನ್ನು ಹಿಡಿದುಕೊಳ್ಳುವುದು ನಮ್ಮ ಕಡೆಯ ಉಪಾಯ. ಭಾರವೆಲ್ಲ ಷಾಫ್ಟಿನ ಮೂಲಕ ಪ್ಲೇಟಿನ ನಡುವಿಗೆ ಒಂದು ಕ್ಷಣ ನೇತುಬಿದ್ದರೂ ಹೊಸ ಪ್ಲೇಟೇ ಸೊಟ್ಟಗಾಗುತ್ತದೆ. ಸಂಜೆ ಗಾಡಿ ಹೊರಟಾಗ ಗೇರು ಕಿರುಚುತ್ತದೆ. ಆಗ ಪ್ಲೇಟು ಮಾರಿದ ಅಂಗಡಿಯವನನ್ನು ಬೈಯುವುದು ರೂಢಿ.

ಪ್ರೆಷರ್ ಪ್ಲೇಟನ್ನು ಬಿಚ್ಚುವ ಮುನ್ನ ಅದಕ್ಕೂ ಫ್ಲೈವೀಲಿಗೂ ಸೇರಿಸಿ ಒಂದು ಗುರುತು ಹಾಕಬೇಕು. ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ರಿವೆಟ್ಟಿನ ತಲೆಗಳು ಲೈನಿಂಗಿನ ಮಟ್ಟಕ್ಕೆ ಬಂದಿದ್ದರೆ ಪ್ಲೇಟಿನ ಆಯುಷ್ಯ ಮುಗಿಯಿತು. ಫ್ಲೈವೀಲಿನ ಮೈ ನೀಲಿಗಟ್ಟಿದೆಯೇ, ಬಿರುಕು ಬಿಟ್ಟಿದೆಯೇ ಎಂದು ನೋಡಬೇಕು. ಹೊಳಪುಗಟ್ಟಿದ್ದರೆ ಉಪ್ಪುಕಾಗದ ಸಾಕು, ಗೀರು ಬಿದ್ದಿದ್ದರೆ ಲೇತಿಗೆ ಕಳಿಸಬೇಕು. ಹೊಸ ಪ್ಲೇಟನ್ನು ನಡುಮಧ್ಯಕ್ಕೆ ಕೂರಿಸಲು ಹಳೆಯ ಗೇರ್ ಬಾಕ್ಸಿನ ಷಾಫ್ಟೊಂದನ್ನು ಇಟ್ಟುಕೊಂಡಿರುತ್ತಾರೆ. ಅದಿಲ್ಲದವರು ಆ ಅಳತೆಗೆ ಕಡೆದ ಮರದ ಗೂಟವನ್ನು ಬಳಸುತ್ತಾರೆ. ಕೈಗೆ ಗ್ರೀಸಿದ್ದರೆ ಲೈನಿಂಗನ್ನು ಮುಟ್ಟತಕ್ಕದ್ದಲ್ಲ. ರಿಲೀಸ್ ಬೇರಿಂಗನ್ನು ಪೆಟ್ರೋಲಿನಲ್ಲಿ ತೊಳೆಯತಕ್ಕದ್ದಲ್ಲ. ಒಳಗೆ ತುಂಬಿ ಮುಚ್ಚಿದ ಗ್ರೀಸು ಕರಗಿಹೋಗಿ ಅದು ವಾರದೊಳಗೆ ಕೂಗುತ್ತದೆ. ಶುಚಿಯ ಹುಮ್ಮಸ್ಸಿನಿಂದ ಹಾಳಾದ ಬೇರಿಂಗುಗಳು ಎಷ್ಟೋ.

ಹಳಬರು ತಿಳಿಯದೆ ಮಾಡುತ್ತಿದ್ದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಹೌಸಿಂಗಿನಲ್ಲಿ ತುಂಬಿದ ಕರಿಯ ಧೂಳನ್ನು ಬಾಯಿಂದ ಊದಿ, ಗಾಳಿಯ ಪೈಪಿನಿಂದ ಹಾರಿಸಿ, ಅದರ ನಡುವೆಯೇ ಕೂತು ಟೀ ಕುಡಿಯುತ್ತಿದ್ದರು. ಆ ಧೂಳು ಶ್ವಾಸಕೋಶಕ್ಕೆ ಸೇರಿ ಹತ್ತಾರು ವರ್ಷಗಳ ಬಳಿಕ ಪ್ರಾಣಕ್ಕೆ ಎರವಾಗುತ್ತದೆಂಬುದು ಈಗ ನಿಶ್ಚಿತವಾಗಿದೆ. ಹಳೆಯ ಪ್ಲೇಟನ್ನು ತೆಗೆಯುವವರು ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಬೇಕೇ ಹೊರತು ಊದಕೂಡದು. ಉಪ್ಪುಕಾಗದ ಹಾಕುವಾಗಲೂ ಮೈ ಒದ್ದೆಯಾಗಿರಲಿ.

ಕ್ಲಚ್ಚು ಸುಡುವುದಕ್ಕೆ ಗುಡ್ಡವೇ ಕಾರಣವೆಂದು ಎಲ್ಲರೂ ಹೇಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಜೀಪಿನಲ್ಲಿ ಎರಡನೆಯ ಸಣ್ಣ ಕೋಲೊಂದಿದೆ. ಅದನ್ನು ಲೋ ಕಡೆಗೆ ಎಳೆದರೆ ಬಲ ಹೆಚ್ಚುತ್ತದೆ, ವೇಗ ಇಳಿಯುತ್ತದೆ. ಯುದ್ಧದ ಜೀಪಿನಲ್ಲಿ ಲೋ ಫಸ್ಟಿನಲ್ಲಿ ಎಂಜಿನ್ನು ಸುಮಾರು 25 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಯುದ್ಧಾನಂತರ ರೈತರಿಗೆಂದು ಮಾಡಿದ ಜೀಪಿನಲ್ಲಿ ಇದನ್ನು ಸುಮಾರು 37ಕ್ಕೆ ಏರಿಸಿದರು, ಪ್ಲೇಟನ್ನೂ ಎಂಟೂವರೆ ಇಂಚಿಗೆ ಹಿಗ್ಗಿಸಿದರು. ಅಂದರೆ ಹೊಲ ಗುಡ್ಡಗಳ ಹೊರೆಯನ್ನು ಅವರು ಯೋಚಿಸಿದ್ದರು. ಕೆಸರಿನ ಏರಿನಲ್ಲಿ ಲೋ ಹಾಕಿ ಕ್ಲಚ್ಚನ್ನು ಪೂರ್ತಿ ಬಿಟ್ಟು ಆಮೆಯಂತೆ ಹತ್ತಿದರೆ ಪ್ಲೇಟಿಗೆ ನೋವಿಲ್ಲ. ಇಳಿದು ಕೋಲೆಳೆಯುವ ತಾಳ್ಮೆಯಿಲ್ಲದೆ ಹೈಯಲ್ಲೇ ಹಾಫ್ ಕ್ಲಚ್ ಹಿಡಿದು ಎಂಜಿನ್ನನ್ನು ಕಿರುಚಿಸುವವನೇ ಅದನ್ನು ಸುಡುವವನು. ಪೆಟ್ರೋಲಿನ ಬೆಲೆಗೆ ಹೆದರಿ ಜೀಪಿನಲ್ಲಿ ಡೀಸೆಲ್ ಎಂಜಿನ್ನು ಕೂರಿಸುವ ಪದ್ಧತಿ ಬಂದ ಮೇಲೆ, ಎಂಜಿನ್ನಿನ ಎಳೆತ ಒಂದು, ಕ್ಲಚ್ಚಿನ ಅಳತೆ ಇನ್ನೊಂದು ಆಗಿ, ಸಿಕ್ಕಿದ ಪ್ಲೇಟನ್ನು ಹೊಂದಿಸಿದ ಗಾಡಿಗಳಲ್ಲಿ ಈ ಕೆಡುಕು ಇಮ್ಮಡಿಯಾಯಿತು.

ಆ ಲೋ ಗೇರಿಗೆ ಇನ್ನೊಂದು ಉಪಕಾರವುಂಟು. ಕಾಡಿನ ನಡುವೆ ಕ್ಲಚ್ಚಿನ ಲಿಂಕು ಮುರಿದುಬಿದ್ದರೆ ಅಲ್ಲೇ ರಾತ್ರಿ ಕಳೆಯಬೇಕಾಗಿಲ್ಲ. ಎಂಜಿನ್ನನ್ನು ಆರಿಸಿ, ಲೋ ಫಸ್ಟಿಗೆ ಹಾಕಿ, ಸ್ಟಾರ್ಟರನ್ನು ಒತ್ತಿದರೆ ಗಾಡಿ ಕುಂಟುತ್ತ ಮುಂದೆ ಸರಿದು, ಎಂಜಿನ್ನು ಹತ್ತಿಕೊಂಡು ಹಾಗೆಯೇ ನಡೆಯುತ್ತದೆ. ನಿಲ್ಲಿಸಬೇಕಾದರೆ ಸ್ವಿಚ್ಚು ಆರಿಸುವುದು. ಹೀಗೆ ನಡಿಗೆಯ ವೇಗದಲ್ಲಿ ಮನೆ ಮುಟ್ಟಬಹುದು.

ಮನೆ ಮುಟ್ಟುವ ಮಾತು ಈ ಸೀಮೆಯಲ್ಲಿ ಈಗ ಹಗುರವಾದದ್ದಲ್ಲ. ಆಲೂರು ಸಕಲೇಶಪುರಗಳ ತೋಟಗಳಲ್ಲಿ ಕಾಡಾನೆಗಳು ನೆಲೆಯೂರಿ ದಶಕಗಳಾದವು. 2014ರಲ್ಲಿ ಈ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರೂ ಕಾಟ ತೀರಲಿಲ್ಲ. ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತ ಅರ್ಜುನನು 2023ರ ಡಿಸೆಂಬರಿನಲ್ಲಿ ಯಸಳೂರಿನ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗದೊಡನೆ ಕಾದಾಡಿ ಪ್ರಾಣ ಬಿಟ್ಟನು. ಮುಸ್ಸಂಜೆಯಲ್ಲಿ ತೋಟದ ತಿರುವಿನಲ್ಲಿ ಆನೆ ಎದುರಾದರೆ ಗಾಡಿಯನ್ನು ತಿರುಗಿಸಲು ಜಾಗವಿರುವುದಿಲ್ಲ. ಇರುವ ದಾರಿ ಒಂದೇ, ರಿವರ್ಸು. ರಿವರ್ಸಿಗೆ ಬೀಳದೆ ಕಿರುಚುವ ಗೇರು, ಹಿಂದಿನ ಏರನ್ನು ಹತ್ತದೆ ಜಾರುವ ಪ್ಲೇಟು, ಇವು ಆ ಗಳಿಗೆಯಲ್ಲಿ ಎಂತಹವೆಂದು ವಿವರಿಸಬೇಕಾಗಿಲ್ಲ. ಪೆಡಲಿನ ಆ ಮುಕ್ಕಾಲು ಇಂಚಿನ ಸಡಿಲವನ್ನು ತಿಂಗಳಿಗೊಮ್ಮೆ ನೋಡಿಕೊಳ್ಳುವ ತೋಟದವರು ಆನೆಯನ್ನು ನೆನೆದೇ ನೋಡಿಕೊಳ್ಳುತ್ತಾರೆ.

ಗುಡ್ಡ ಕುಸಿಯುವ ವರ್ಷಗಳಲ್ಲಿಯೂ ಹಾಗೆಯೇ. 2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಹೆದ್ದಾರಿಯ ಸಂಚಾರ ನಿಂತುಹೋಯಿತು. ಹೆದ್ದಾರಿಯೇ ಹಾಗಾದಾಗ ಒಳಗಿನ ಹಳ್ಳಿಗಳ ಮಣ್ಣುದಾರಿಗಳ ಮೇಲೆ ದಿನಸಿ, ಔಷಧಿಗಳನ್ನು ಸಾಗಿಸಲು ನಾಲ್ಕು ಚಕ್ರವೂ ಎಳೆಯುವ ಗಾಡಿಯಲ್ಲದೆ ಇನ್ನಾವುದಕ್ಕೂ ಆಗದು.

ಈಗ ಹೊಸ ಬಗೆಯ ಗಾಡಿಗಳು ಬಂದಿವೆ; ಅವುಗಳ ಕ್ಲಚ್ಚಿನಲ್ಲಿ ಲಿಂಕಿನ ಬದಲು ಎಣ್ಣೆಯ ಒತ್ತಡ, ಮೂರು ಫಿಂಗರುಗಳ ಬದಲು ಒಂದೇ ಬಟ್ಟಲಿನಾಕಾರದ ಸ್ಪ್ರಿಂಗು. ಕಾಲಿಗೆ ಹಗುರ, ಹೊಂದಿಸುವ ತಾಪತ್ರಯ ಕಡಿಮೆ. ಹಾಗೆಯೇ ದಾರಿಯಲ್ಲಿ ಕೆಟ್ಟರೆ ತಂತಿ ಸ್ಪ್ಯಾನರುಗಳಿಂದ ಸರಿಪಡಿಸುವ ಆಸೆಯೂ ಕಡಿಮೆ. ಹಳೆಯ ಜೀಪುಗಳು 15 ವರ್ಷ ದಾಟಿದ ಕಾರಣ ಮರುನೋಂದಣಿಗೆ ಹೋಗಬೇಕಾಗಿ, ಎಷ್ಟೋ ಗಾಡಿಗಳು ಪಟ್ಟಣದ ರಸ್ತೆಗಿಳಿಯದೆ ತೋಟದ ಗೇಟಿನೊಳಗೇ ಉಳಿದಿವೆ. ಕೆಲವು ಬಣ್ಣ ಬಳಿಸಿಕೊಂಡು ಬೆಂಗಳೂರಿನಿಂದ ಬಂದ ಪ್ರವಾಸಿಗರನ್ನು ಗುಡ್ಡ ತೋರಿಸಲು ಹೊತ್ತೊಯ್ಯುತ್ತವೆ. ಹಾಫ್ ಕ್ಲಚ್ಚಿನಲ್ಲಿ ಅರಚಿಸಿದಷ್ಟೂ ಪ್ರವಾಸಿಗರಿಗೆ ಸಂತೋಷ, ಪ್ಲೇಟಿಗೆ ಮರಣ.

ನಾನು ಹೇಳಿದ ಆ ಹಿರಿಯ ಮೇಸ್ತ್ರಿ ಈಗಿಲ್ಲ. ಅವರ ಗ್ಯಾರೇಜಿನಲ್ಲಿ ಪೆಡಲಿನ ಮೇಲೆ ಕಾಲಿಟ್ಟು ಬೈಸಿಕೊಂಡಿದ್ದ ನಮ್ಮ ಹುಡುಗ ಆಮೇಲೆ ಅಲ್ಲಿಯೇ ಕೆಲಸಕ್ಕೆ ಸೇರಿದ. ಇಂದು ಬಾಳ್ಳುಪೇಟೆಯ ಕಡೆ ಅವನದೇ ಒಂದು ಶೆಡ್ಡು ಇದೆ. ಹೋದ ವರ್ಷ ಅತ್ತ ಹೋದಾಗ, ಗೋಡೆಯ ಮೊಳೆಗೆ ಹಳೆಯ ಜೀಪಿನ ಗೇರ್ ಷಾಫ್ಟೊಂದು ನೇತಾಡುತ್ತಿತ್ತು. ಹಿಡಿದು ಹಿಡಿದು ಅದರ ಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಮೇಸ್ತ್ರಿ ಕೊಟ್ಟದ್ದೆಂದ. ಕೆಳಗೆ ಹದಿನಾರು ಹದಿನೇಳರ ಇನ್ನೊಬ್ಬ ಹುಡುಗ ಜೀಪಿನ ಅಡಿಯಿಂದ ತಲೆ ಹೊರಹಾಕಿ, “ಅಣ್ಣ, ಆ ಷಾಫ್ಟ್ ಕೊಡಿ, ಪ್ಲೇಟ್ ಕೂರಿಸ್ಬೇಕು,” ಎಂದು ಕೈ ನೀಡಿದ.